ಯೋಗ ಫ್ಲೇಮ್ ಸುಮ್ನೆ ಅಲ್ಲ

ಸ್ಟ್ರೀಟ್ ಫೈಟರ್ 2 ಎಂಬ ಹೊಡೆದಾಟದ ವಿಡಿಯೊ ಗೇಮ್ ಬಗ್ಗೆ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಅದರ ಪಾತ್ರ ಧಾಲ್ಸಿಮ್‌ನ ಬೆಂಕಿ ಉಗುಳುವ ಯೋಗ ಫ್ಲೇಮ್ ನೋಡೋಕಷ್ಟೇ ಚೆಂದ, ಆಟದಲ್ಲಿ ಉಪಯೋಗವಿಲ್ಲ ಎಂದಿದ್ದನ್ನು ನಾನು ಒಪ್ಪಲಾರೆ.

ಅವನ ಇನ್ನೊಂದು ಬೆಂಕಿ ಯೋಗ ಫೈರ್ ಉಂಡೆಯಾಗಿ ಮುಂದೆ ಸಾಗುತ್ತದೆ. ಫ್ಲೇಮ್ ಸಾಗುವುದಿಲ್ಲ, ಬಾಯಿಯ ಮುಂದೆಯೇ ಉರಿದು ಆರುತ್ತದೆ. ಅದು ಇರುವುದೇ ಹತ್ತಿರ ಬಂದವನಿಗೆ. ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ ಪಕ್ಕದ ಗೇಮ್ ಪಾರ್ಲರ್‌ನಲ್ಲಿ ನಮ್ಮ ಕಡೆಯ, ವಿಜಯಪುರದ ಹುಡುಗನೊಬ್ಬ ಇದನ್ನು ಆಡುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಹಗುರ ಗುದ್ದಿನ ಬಟನ್ ಆದ ಲೈಟ್ ಪಂಚ್‌ನಲ್ಲಿ ಫೈರ್ ಬಿಡುತ್ತಿದ್ದ, ಅದು ನಿಧಾನ. ಎದುರಾಳಿ ಹಾರಿದರೆ ಉದ್ದ ಕಾಲಿನ ಒದೆ. ಬ್ಲಾಕ್ ಮಾಡಿಕೊಂಡು, ಅಂದರೆ ಏಟು ತಡೆದುಕೊಂಡು, ಹತ್ತಿರ ಬಂದರೆ ಸ್ಟಿಕ್ಕನ್ನು ಹಿಂದಿನಿಂದ ಕೆಳಗೆ ತಂದು, ಮುಂದಕ್ಕೆ ತಿರುಗಿಸಿ ಪಂಚ್. ಸ್ಟಿಕ್ ಹಿಂದಕ್ಕಿರುವಷ್ಟು ಹೊತ್ತು ನಮಗೆ ಬ್ಲಾಕ್ ಸಿಗುತ್ತದೆ ಅಲ್ವಾ? ಅದೇ ಇದರ ಸೊಗಸು. ಎದುರಾಳಿ ಫ್ಲೇಮನ್ನು ತಡೆದರೂ ಅವನ ಜೀವದ ಪಟ್ಟಿ ಚೂರು ಇಳಿಯುತ್ತದೆ. ಕೊನೇ ಹನಿ ಜೀವ ಉಳಿದವನಿಗೆ ಅಷ್ಟೇ ಸಾಕು.

1991ರ ಆ ಆಟದಲ್ಲಿ ನಾವು ಆಯ್ದುಕೊಳ್ಳಬಹುದಾಗಿದ್ದ ಎಂಟು ಜನರಲ್ಲಿ ಭಾರತದವನು ಇವನೊಬ್ಬನೇ. ಅವನ ಮೇಲೆ ನಮಗೆ ಪ್ರೀತಿ ಜಾಸ್ತಿ, ನಿಜ. ಅದೇ ಆಟದ 1992ರ ಟರ್ಬೋ ಆವೃತ್ತಿಯಲ್ಲಿ ಅವನಿಗೆ ಮಾಯವಾಗಿ ಬೇರೆ ಕಡೆ ಕಾಣಿಸಿಕೊಳ್ಳುವ ಮೂವ್ ಬಂತು. ಮುಂದಿನ ಲೇಖನದಲ್ಲಿ ಅದನ್ನೂ ದಯವಿಟ್ಟು ಬರೆಯಿರಿ.