ನಿನ್ನಿ ರಾತ್ರಿ ಎಷ್ಟು ಹಾಕಿದ್ರಿ ಸರ?

ನಿನ್ನೆ ಹಾಕಿಕೊಂಡಿದ್ದ ಬಿಳಿ ಅಂಗಿ ಇನ್ನೂ ಬಕೆಟ್ಟಿನಲ್ಲಿ ನೆನೆಯುತ್ತಿದೆ. ಸೋಪಿನ ಪುಡಿ ಆಯಿತು, ನಿಂಬೆಹಣ್ಣು ಆಯಿತು, ಪಾತ್ರೆ ತಿಕ್ಕುವ ಸೋಪೂ ಆಯಿತು. ಕಲೆ ಹೋಗಿಲ್ಲ, ಸ್ವಲ್ಪ ಅಗಲವಾಗಿದೆ ಅಷ್ಟೇ. ಎಡತೋಳಿನ ಮೇಲೆ ಬೆರಳುದ್ದದ ಕಪ್ಪು ಗೆರೆ. ಇಂಜಿನ್ ಆಯಿಲಿನದು. ಸೇಡಂ ರಸ್ತೆಯಲ್ಲಿ ಗೃಹಪ್ರವೇಶದ ಊಟಕ್ಕೆ ಹೊರಟವನ ತೋಳಿಗೆ ಈ ಗೆರೆ ಎಳೆದವರು ಪಕ್ಕದ ಮನೆಯ ಕಾಕಾ.

ಕಾಕಾ ಸರಕಾರಿ ಇಲಾಖೆಯೊಂದರಲ್ಲಿ ಮೂವತ್ತು ವರ್ಷ ಜೀಪು ಓಡಿಸಿ ನಿವೃತ್ತರಾದವರು. ಅವರ ಹೆಗಲ ಮೇಲೆ ಸದಾ ಒಂದು ಟವೆಲ್ ಇರುತ್ತದೆ. ನನ್ನ ಕಾರಿನ ಆಯಿಲ್ ಗೇಜ್, ಅಂದರೆ ಇಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ತೋರಿಸುವ ಕಡ್ಡಿ, ಎಳೆದು ನೋಡುವುದು ಅವರ ನಿತ್ಯಪೂಜೆ. ಆದರೆ ಗೇಜ್ ಒರೆಸಲು ಆ ಟವೆಲ್ ಒಂದು ದಿನವೂ ಬಳಸಿದವರಲ್ಲ. ತಂತಿಯ ಮೇಲೆ ಒಣಹಾಕಿದ ದಿಂಬಿನ ಕವರು, ನಾನಿನ್ನೂ ಓದದ ಪೇಪರು, ಹತ್ತಿರ ನಿಂತವನ ತೋಳು, ಯಾವುದಾದರೂ ನಡೆಯುತ್ತದೆ. ಟವೆಲ್ ಮಾತ್ರ ಇಸ್ತ್ರಿ ಮಾಡಿದ ಹಾಗೆ ಹೆಗಲ ಮೇಲೆ ಕೂತಿರುತ್ತದೆ.

ಅಂಗಿ ಹೋದರೆ ಹೋಗಲಿ. ಮರ್ಯಾದೆ ಹೋಗಿದ್ದು ಹೇಗೆ ಅಂತ ಹೇಳುತ್ತೇನೆ.

ನನ್ನದು 2009ರ ಪೆಟ್ರೋಲ್ ಕಾರು. ಆರ್‌ಸಿಯಲ್ಲಿ ಊರಿನ ಹೆಸರು ಇನ್ನೂ ಗುಲಬರ್ಗಾ ಅಂತಲೇ ಇದೆ. 2014ರಲ್ಲಿ ಊರು ಕಲಬುರಗಿ ಆಯಿತು, ಕಾರು ಆಗಲಿಲ್ಲ. ಓಡಿದ್ದು 2,14,000 ಕಿಲೋಮೀಟರ್. ನನ್ನ ಕಾಲೇಜು ಇರುವುದು ಸುಮಾರು 60 ಕಿಲೋಮೀಟರ್ ದೂರದ ಹುಮನಾಬಾದಿನಲ್ಲಿ. ಮೂವರು ಮೇಷ್ಟ್ರು ಸರದಿಯ ಮೇಲೆ ಕಾರು ತೆಗೆಯುತ್ತೇವೆ. ನನ್ನ ಸರದಿ ಬಂದ ದಿನ ಉಳಿದಿಬ್ಬರಿಗೆ ಇದ್ದಕ್ಕಿದ್ದಂತೆ ಬಸ್ ಪ್ರಯಾಣ ಆರೋಗ್ಯಕ್ಕೆ ಒಳ್ಳೆಯದು ಅನಿಸತೊಡಗಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ನೀಲಿ ಹೊಗೆಯ ಒಂದು ಮೋಡ ಎದ್ದು, ಎದುರು ಮನೆಯ ತುಳಸಿಕಟ್ಟೆಗೆ ಧೂಪ ಹಾಕಿ ಹೋಗುತ್ತಿತ್ತು.

ಗೇಜ್ ನೋಡಿದರೆ ಎಣ್ಣೆ ಕೆಳಗಿನ ಗುರುತಿಗಿಂತ ಕೆಳಗೆ. ಒಂದು ಲೀಟರ್ ಹಾಕಿದೆ. ಮುಂದಿನ ತಿಂಗಳು ಮತ್ತೆ ಅದೇ. ಲೆಕ್ಕ ಹಾಕಿದರೆ ತಿಂಗಳ 1,300 ಕಿಲೋಮೀಟರ್ ಓಟಕ್ಕೆ ಸವಾ ಲೀಟರ್ ಎಣ್ಣೆ. ಸಾವಿರ ಕಿಲೋಮೀಟರಿಗೆ ಒಂದು ಲೀಟರಿನವರೆಗೆ ಸಹಜ ಎಂದು ಕೆಲವು ಕಾರುಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಇದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

‘ನಮ್ಮ ಮನ್ಯಾಗ ನಾಕು ಮಂದಿಗಿ ತಿಂಗಳಿಗಿ ಮೂರು ಲೀಟರ್ ಕುಸುಬಿ ಎಣ್ಣಿ. ಬಜ್ಜಿ ಮಾಡ್ತೀನಂದ್ರ ಕೊಲೆಸ್ಟ್ರಾಲ್ ಅಂತೀರಿ. ಅದಕ್ಕೊಂದಕ್ಕೇ ಸವಾ ಲೀಟರ್ ಸಹಜ ಏನ್ರಿ?’

ಕಾಕಾನ ಕಿವಿಗೆ ವಿಷಯ ಬಿದ್ದಿದ್ದು ಆಗಲೇ. ಅವರ ಧ್ವನಿ ಜೀಪಿನ ಕಾಲದ್ದು, ಇಂಜಿನ್ ಸದ್ದಿನ ಮೇಲೆ ಕೇಳಿಸಲು ತಯಾರಾದದ್ದು. ಬೆಳಿಗ್ಗೆ ಆರೂವರೆಗೆ ಕಾಂಪೌಂಡ್ ಗೋಡೆಯ ಮೇಲಿಂದ ಶುರು.

‘ಸರ, ನಿನ್ನಿ ರಾತ್ರಿ ಎಷ್ಟು ಹಾಕಿದ್ರಿ?’

‘ಅರ್ಧ ಲೀಟರ್ ಕಾಕಾ.’

‘ಅರ್ಧ ಲೀಟರ್! ಮೊನ್ನಿ ಸೋಮವಾರನೂ ಹಾಕಿದ್ರಲ್ಲ?’

‘ಹೌದು ಕಾಕಾ, ನಿಲ್ತಾನೇ ಇಲ್ಲ.’

‘ಹಿಂಗಾದ್ರ ಒಳಗಿಂದು ಎಲ್ಲ ಸುಟ್ಟು ಹೋಗ್ತದ್ರಿ!’

ಇದು ದಿನವೂ ನಡೆಯುತ್ತಿತ್ತು. ಇಬ್ಬರೂ ಮಾತಾಡುತ್ತಿದ್ದುದು ಕಾರಿನ ಬಗ್ಗೆ. ಆದರೆ ಇಬ್ಬರ ಬಾಯಲ್ಲೂ ‘ಕಾರು’ ಅನ್ನುವ ಪದ ಬರುತ್ತಿರಲಿಲ್ಲ. ಗೊತ್ತಿರುವ ವಿಷಯಕ್ಕೆ ಹೆಸರು ಯಾಕೆ ಹೇಳಬೇಕು, ಅಲ್ವಾ? ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಯಾದಗಿರಿ ಕಡೆಯ ಕುಟುಂಬಕ್ಕೆ ಮಾತ್ರ ಗೊತ್ತಿರಲಿಲ್ಲ. ಆ ಮನೆಯ ಅಮ್ಮ ದಿನಾ ಅಂಗಳಕ್ಕೆ ನೀರು ಹಾಕುತ್ತಾ ನನ್ನನ್ನೇ ನೋಡುತ್ತಿದ್ದರು. ಮೊದಲು ನೋಟದಲ್ಲಿ ಭಯ ಇತ್ತು. ಆಮೇಲೆ ಮರುಕ ಬಂತು. ಮೇಷ್ಟ್ರು ಅಂತ ಗೌರವ ಕೊಡುತ್ತಿದ್ದಾರೆ ಅಂದುಕೊಂಡು ನಾನು ಕೈ ಮುಗಿಯುತ್ತಿದ್ದೆ.

ಒಂದು ಶನಿವಾರ ಕಾಕಾ ಇನ್ನೂ ಜೋರಾಗಿದ್ದರು. ‘ಸರ, ಇವತ್ತು ಮುಂಜಾನಿ ಮುಂಜಾನೇನೇ ಹಾಕಿಬಿಡ್ರಿ. ಹಾಕದಂಗ ಹುಮನಾಬಾದಿಗಿ ಹೋಗಬ್ಯಾಡ್ರಿ!’ ನಾನು ಡಿಕ್ಕಿಯಿಂದ ಡಬ್ಬಿ ತೆಗೆದೆ. ಎದುರು ಮನೆಯ ಬಾಗಿಲು ಪಟ್ಟನೆ ಮುಚ್ಚಿತು.

ಸಂಜೆ ಆ ಅಮ್ಮ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಕೈ ಹಿಡಿದು ಹೇಳಿದರಂತೆ: ‘ಅಯ್ಯಪ್ಪನ ಮಾಲಿ ಹಾಕಸ್ರಿ ಅಕ್ಕಾ. ನಲವತ್ತೊಂದು ದಿನ ಮುಟ್ಟಂಗಿಲ್ಲ. ನಮ್ಮ ಮೈದುನ ಹಂಗೇ ಬಿಟ್ಟಾನ.’ ಹೆಂಡತಿ ವಿಷಯ ತಿಳಿಸಿ ಹೇಳಬಹುದಿತ್ತು. ಹೇಳಲಿಲ್ಲ. ‘ನೋಡ್ತೀನ್ರಿ’ ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡು ಬಂದಳಂತೆ. ಒಳಗೆ ಬಂದು ಅಡುಗೆಮನೆಯ ಕಟ್ಟೆ ಹಿಡಿದು ನಕ್ಕಿದ್ದು ಇಡೀ ಓಣಿಗೆ ಕೇಳಿಸಿರಬೇಕು. ಅದನ್ನೂ ಅವರು ಅಳು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನು ತಡಮಾಡುವ ಹಾಗಿರಲಿಲ್ಲ. ಮೊದಲು ಎಣ್ಣೆ ಹೊರಗೆ ಸೋರುತ್ತಿದೆಯೋ ಒಳಗೆ ಉರಿಯುತ್ತಿದೆಯೋ ನೋಡಬೇಕು. ಫ್ರಿಜ್ ಬಂದಿದ್ದ ರಟ್ಟಿನ ಡಬ್ಬವನ್ನು ಬಿಚ್ಚಿ, ರಾತ್ರಿ ಕಾರಿನ ಕೆಳಗೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಹಾಸಿದೆ. ಬೆಳಿಗ್ಗೆ ನೋಡಿದರೆ ರಟ್ಟು ಒಣಗಿದೆ, ಅದರ ಮೇಲೆ ಬೀದಿಯ ಬಿಳಿ ಬೆಕ್ಕು ಮಲಗಿದೆ. ಬೆಕ್ಕು ಎದ್ದು ಮೈ ಮುರಿದಾಗ ಬೆನ್ನ ಮೇಲೆ ಒಂದೇ ಒಂದು ಕಪ್ಪು ಬೊಟ್ಟು. ಒಂದು ಬೊಟ್ಟಿನಿಂದ ತಿಂಗಳಿಗೆ ಸವಾ ಲೀಟರ್ ಆಗುವುದಿಲ್ಲ. ಅಂದರೆ ಒಳಗೇ ಉರಿಯುತ್ತಿದೆ.

ಒಳಗೆ ಉರಿಯಲು ದೊಡ್ಡ ದಾರಿ ಎರಡು. ಪಿಸ್ಟನ್ನಿಗೆ ಬಳೆಯಂತೆ ತೊಡಿಸಿದ ರಿಂಗ್ ಸವೆದರೆ ಅಥವಾ ಮಸಿ ಕಟ್ಟಿ ಸಿಕ್ಕಿಕೊಂಡರೆ ಎಣ್ಣೆ ಕೆಳಗಿನಿಂದ ಮೇಲೇರುತ್ತದೆ. ವಾಲ್ವಿನ ರಬ್ಬರ್ ಸೀಲ್ ಗಟ್ಟಿಯಾದರೆ ಮೇಲಿನಿಂದ ಕೆಳಗಿಳಿಯುತ್ತದೆ. ರಿಂಗ್ ಅಂದರೆ ಇಂಜಿನ್ ಬಿಚ್ಚುವ ಕೆಲಸ. ಸೀಲ್ ಅಂದರೆ ಬಚಾವು. ನಾನು ಮೊದಲು ಹೋದ ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ, ಕಿಲೋಮೀಟರ್ ನೋಡಿ ‘ಇಂಜಿನ್ ಕೆಲಸ, ನಲವತ್ತೈದು ಸಾವಿರ’ ಅಂದರು. ವಯಸ್ಸು ಕೇಳಿಯೇ ಆಪರೇಷನ್ ಬರೆಯುವ ಡಾಕ್ಟರ ಹಾಗೆ. ಸಹೋದ್ಯೋಗಿಗಳು ಪುಕ್ಕಟೆ ಸಲಹೆ ಕೊಟ್ಟರು: ದಪ್ಪ ಎಣ್ಣೆ ಹಾಕು, ಮಾರಿಬಿಡು, ನಿಂಬೆಹಣ್ಣು ಕಟ್ಟು. ಮೂರನೆಯದನ್ನು ಮಾಡಿದೆ, ಅಗ್ಗ ಇತ್ತು.

ಕೊನೆಗೆ ಸಿಕ್ಕವರು ನಮ್ಮ ಕಲಬುರಗಿಯದೇ ಹುಮನಾಬಾದ್ ಬೇಸಿನ ಹತ್ತಿರದ ಒಬ್ಬ ಹಳೆಯ ಉಸ್ತಾದ್. ‘ಸಾಬ್, ಹೊಗಿ ನೋಡದೇ ನಾ ಏನೂ ಹೇಳಂಗಿಲ್ಲ. ನೀವು ಮುಂದ ಹೋಗ್ರಿ, ನಾ ಹಿಂದ ಬರ್ತೀನಿ’ ಅಂದರು. ನಾನು ಕಾರಿನಲ್ಲಿ, ಅವರು ಮೊಪೆಡ್ಡಿನಲ್ಲಿ. ಓವರ್ ಬ್ರಿಜ್ ಹತ್ತಿ ಇಳಿಯುವಾಗ ಗೇರಿನಲ್ಲೇ ಇದ್ದು ಎಕ್ಸಲರೇಟರ್ ಪೂರಾ ಬಿಡಬೇಕು, ಕೆಳಗೆ ಬಂದಾಗ ಜೋರಾಗಿ ಒತ್ತಬೇಕು. ಬಿಟ್ಟಾಗ ಇಂಜಿನ್ನಿನ ಒಳಗೆ ಎಳೆತ ಜಾಸ್ತಿಯಾಗಿ, ಗಟ್ಟಿಯಾದ ಸೀಲಿನ ಸಂದಿಯಿಂದ ಎಣ್ಣೆ ಒಳಗೆ ಬರುತ್ತದೆ. ಒತ್ತಿದಾಗ ಅದು ಒಮ್ಮೆಲೇ ಉರಿದು ಬುಸ್ಸೆಂದು ಹೊರಬೀಳುತ್ತದೆ. ರಿಂಗಿನ ತೊಂದರೆಯಾಗಿದ್ದರೆ ದಿಬ್ಬ ಹತ್ತುವಾಗಲೂ, ಒತ್ತಿದಷ್ಟು ಹೊತ್ತೂ ಹೊಗೆ ಬರುತ್ತಲೇ ಇರಬೇಕು.

ಉಸ್ತಾದ್ ಹಿಂದಿನಿಂದ ‘ಬಿಡ್ರಿ! ಬಿಡ್ರಿ! ಈಗ ಒತ್ರಿ!’ ಅಂತ ಕೂಗುತ್ತಿದ್ದರು. ನಾನು ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ನೀಲಿ ಹೊಗೆ ಬಿಟ್ಟು ಏನೂ ಕಾಣಲಿಲ್ಲ. ಉಸ್ತಾದರೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮೋಡದೊಳಗಿಂದ ಮೊಪೆಡ್ ಕೆಮ್ಮುತ್ತಾ ಹೊರಬಂತು. ಮೇಲೆ ಕೂತವರ ಮುಖದಲ್ಲಿ ನಗು. ‘ಶಾಬಾಸ್ ಸಾಬ್, ವಾಲ್ ಸೀಲ್!’ ನಿಲ್ಲಿಸಿ ಹೊಗೆ ತಪಾಸಣೆಯ ಚೀಟಿ ಕೇಳಿದ ಟ್ರಾಫಿಕ್ ಪೊಲೀಸರಿಗೂ ಉಸ್ತಾದ್ ಅದೇ ಖುಷಿಯಲ್ಲಿ ವಿವರಿಸಿದರು. ಅವರಿಗೆ ಅಷ್ಟು ಖುಷಿಯಾಗಲಿಲ್ಲ.

ಆದರೂ ಉಸ್ತಾದ್ ಹೊಗೆಯೊಂದನ್ನೇ ನಂಬಲಿಲ್ಲ. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು: 165, 160, 160, 155. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದರು. ರಿಂಗ್ ಸವೆದಿದ್ದರೆ ಆ ಎಣ್ಣೆ ಸಂದಿ ಮುಚ್ಚಿ ಅಂಕಿ ಗಕ್ಕನೆ ಏರಬೇಕಿತ್ತು. ಹೆಚ್ಚುಕಡಿಮೆ ಅಲ್ಲೇ ನಿಂತಿತು. ನಲವತ್ತೈದು ಸಾವಿರ ಉಳಿಯಿತು. ನನಗೆ ಆ ಸೀಮೆಸುಣ್ಣದ ಅಂಕಿಗಳಿಗೆ ಊದುಬತ್ತಿ ಹಚ್ಚಬೇಕು ಅನಿಸಿತು.

ಆಮೇಲೆ ಉಸ್ತಾದ್ ಗೇಜ್ ಎಳೆದರು. ತಮ್ಮ ಅರಿವೆಯಿಂದಲೇ ಒರೆಸಿದರು, ಅದನ್ನು ಇಲ್ಲಿ ಹೇಳಲೇಬೇಕು. ಮತ್ತೆ ಅದ್ದಿ ನೋಡಿ ಹುಬ್ಬೇರಿಸಿದರು. ‘ಇಷ್ಟು ಎಣ್ಣಿ ಯಾರ್ ಹಾಕ್ಯಾರ್ರಿ?’

ಎಣ್ಣೆ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿತ್ತು.

ಗೇಜ್ ನೋಡಬೇಕಾದರೆ ಕಾರು ಸಮ ನೆಲದಲ್ಲಿ ನಿಂತಿರಬೇಕು. ಇಂಜಿನ್ ಆಫ್ ಮಾಡಿ ಐದು-ಹತ್ತು ನಿಮಿಷ ಬಿಡಬೇಕು. ಮೇಲೇರಿದ ಎಣ್ಣೆ ಇಂಜಿನ್ನಿನ ತಳದ ಚೇಂಬರಿಗೆ ಇಳಿದು ಬರಲು ಅಷ್ಟು ಹೊತ್ತು ಬೇಕು. ನನ್ನ ಕಾರು ನಿಲ್ಲುವುದು ಗೇಟಿನ ಇಳಿಜಾರಿನಲ್ಲಿ, ಮೂತಿ ಮೇಲೆ ಮಾಡಿಕೊಂಡು. ಕಾಕಾ ನೋಡುವುದು ಇಂಜಿನ್ ಆಫ್ ಆದ ಅರೆಕ್ಷಣದಲ್ಲಿ. ‘ಕಡಿಮಿ ಅದ’ ಅನ್ನುವುದು, ನಾನು ಸುಮ್ನೆ ತಲೆಯಾಡಿಸಿ ಹಾಕುವುದು. ಹೆಚ್ಚಾದ ಎಣ್ಣೆಯನ್ನು ಒಳಗೆ ತಿರುಗುವ ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ. ಅದು ಉಸಿರಾಟದ ಪೈಪಿನಿಂದ ಹೊಗೆಯಾಗಿ ಹೋಗಿ ಮತ್ತೆ ಇಂಜಿನ್ನಿನಲ್ಲೇ ಉರಿಯುತ್ತದೆ. ಪೈಪ್ ಬಿಚ್ಚಿದರೆ ಒಳಗೆಲ್ಲ ಒದ್ದೆ. ಸೀಲ್ ಹೋಗಿದ್ದು ನಿಜ. ಆದರೆ ಕುಡುಕನಿಗೆ ಬಲವಂತ ಮಾಡಿ ಕುಡಿಸಿದ್ದು ನಾವಿಬ್ಬರು.

ಹದಿನಾರು ಸೀಲ್ ಬದಲಾಯಿಸಲು ಉಸ್ತಾದ್ ಇಂಜಿನ್ನಿನ ಮೇಲ್ಭಾಗದ ಹೆಡ್ ಕೂಡ ಬಿಚ್ಚಲಿಲ್ಲ. ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ, ವಾಲ್ವ್ ಒಳಗೆ ಬೀಳದಂತೆ ಹಿಡಿದು, ಒಂದೊಂದಾಗಿ ತೆಗೆದರು. ಹಳೆಯ ಸೀಲುಗಳನ್ನು ನನ್ನ ಅಂಗೈಗೆ ಹಾಕಿದರು. ಉಗುರಿನಲ್ಲಿ ಒತ್ತಿದರೆ ಹುಣಸೆಬೀಜದಷ್ಟು ಗಟ್ಟಿ. ಹದಿನೈದು ವರ್ಷಕ್ಕೂ ಮೇಲೆ ಇಂಜಿನ್ನಿನ ಶಾಖದಲ್ಲಿ ಬೆಂದ ರಬ್ಬರು. ಹೊರಗೆ ಮೇ ತಿಂಗಳ 43 ಡಿಗ್ರಿ ಬೇರೆ.

ಅಂಗೈಯಲ್ಲಿ ಅವನ್ನು ಹಿಡಿದು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಭೂಮಿಯಿಂದ ಚಂದ್ರನಿಗೆ ಸುಮಾರು 3,84,000 ಕಿಲೋಮೀಟರ್. ಈ ಕಾರು ಅರ್ಧದಾರಿ ದಾಟಿದೆ, ಅದೂ ಬಹುಪಾಲು ಹುಮನಾಬಾದ್ ರಸ್ತೆಯಲ್ಲೇ. ಮಗಳು ಇದರ ಹಿಂದಿನ ಸೀಟಿನಲ್ಲಿ ನಿಂತು ಅಂಗಡಿ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದಲು ಕಲಿತಳು. ಕಮಲಾಪುರ ಬಂದರೆ ಕೆಂಪು ಬಾಳೆಹಣ್ಣು ಕೊಡಿಸದೆ ಮುಂದೆ ಹೋಗುವ ಹಾಗಿರಲಿಲ್ಲ. ಸಿಪ್ಪೆಯನ್ನು ಸೀಟಿನ ಸಂದಿಯಲ್ಲಿ ತುರುಕುತ್ತಿದ್ದಳು. ಈಗ ಅವಳು ಬೆಂಗಳೂರಿನಲ್ಲಿ ಆ್ಯಪ್ ಒತ್ತಿ ಬೇರೆಯವರ ಕಾರಿನಲ್ಲಿ ಓಡಾಡುತ್ತಾಳೆ. ಮೊನ್ನೆ ಸೀಟು ಎತ್ತಿದಾಗ ಸಂದಿಯಲ್ಲಿ ಒಂದು ಒಣಗಿದ ಸಿಪ್ಪೆ ಸಿಕ್ಕಿತು. ಎಸೆಯಲಿಲ್ಲ. ಇದನ್ನು ಹೆಂಡತಿಗೆ ಹೇಳಿಲ್ಲ.

ಈಗ ತಿಂಗಳಿಗೆ ಕಾಲು ಲೀಟರ್ ಕೂಡ ಬೇಕಾಗುತ್ತಿಲ್ಲ. ಮೇಷ್ಟ್ರುಗಳಿಗೆ ಬಸ್ ಪ್ರಯಾಣ ಮತ್ತೆ ಬೇಸರವಾಗಿದೆ. ಕಾಕಾಗೆ ಎಲ್ಲ ಬಿಡಿಸಿ ಹೇಳಿದೆ. ಇಳಿಜಾರು, ಹತ್ತು ನಿಮಿಷ, ನೊರೆ, ಎಲ್ಲ. ಅವರು ಗಂಭೀರವಾಗಿ ಕೇಳಿ, ‘ಜೀಪಿಗಿ ಹಂಗೇನಿರ್ಲಿಲ್ಲ’ ಅಂದರು. ನಿನ್ನೆ ನಾನು ಬಿಳಿ ಅಂಗಿಯಲ್ಲಿ ಗೇಟಿಗೆ ಬರುವಷ್ಟರಲ್ಲಿ ಬಾನೆಟ್ ಮೇಲಿತ್ತು, ಗೇಜ್ ಅವರ ಕೈಯಲ್ಲಿತ್ತು. ‘ಕಡಿಮಿ ಅದ ಸರ, ಸ್ವಲ್ಪ ಹಾಕ್ರಿ’ ಅನ್ನುತ್ತಾ ನನ್ನ ತೋಳಿಗೆ ಒರೆಸಿದರು.

ನಾನು ಬಯ್ಯಲು ಬಾಯಿ ತೆಗೆಯುವಷ್ಟರಲ್ಲಿ ಎದುರು ಮನೆಯ ಅಮ್ಮ ಬಂದರು. ನನ್ನ ಕಡೆ ನೋಡದೆ ಹೆಂಡತಿಯನ್ನು ಮೆಲ್ಲಗೆ ಕೇಳಿದರು.

‘ಬಿಟ್ರೇನ್ರಿ ಅಕ್ಕಾ?’

ಹೆಂಡತಿ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಕಾರನ್ನು ನೋಡಿದಳು.

‘ಪೂರಾ ಬಿಟ್ಟಿಲ್ರಿ. ಕಡಿಮಿ ಮಾಡ್ಯಾರ.’