ಜವಾರಿ ಕಿವಿ

ನಮ್ಮ ಬೆಳಗಾವಿ ಕಡೆ ‘ಜವಾರಿ’ ಅಂದರೆ ಬದನೆಕಾಯಿ, ಸೌತೆಕಾಯಿ, ಕೋಳಿ. ಬೀಜದ ಕಂಪನಿಯ ಕೈ ಸೋಕದ್ದೆಲ್ಲ ಜವಾರಿ. ತಂಬೂರಿ ಹಿಡಿದವರ ಬಾಯಲ್ಲಿ ಮಾತ್ರ ಈ ಮಾತಿನ ಅರ್ಥವೇ ಬೇರೆ. ತಂತಿಗಳು ಕೂರುವ ಪಟ್ಟಿಗೆ ಕುದುರೆ ಅನ್ನುತ್ತಾರೆ; ಆ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದೆಳೆ ನೂಲು ಸಿಗಿಸಿ ಅದನ್ನು ಹಿಂದೆ ಮುಂದೆ ಸರಿಸುತ್ತ ಹೋಗಬೇಕು. ಕೂದಲೆಳೆಯಷ್ಟು ಜಾಗದಲ್ಲಿ ಎಲ್ಲೋ ಒಂದು ಕಡೆ ತಂತಿ ಬಾಯಿ ಬಿಡುತ್ತದೆ. ಅಲ್ಲಿಯತನಕ ಸಪ್ಪಗೆ ‘ಟಂಯ್’ ಅನ್ನುತ್ತಿದ್ದದ್ದು ಜೇನುಹುಟ್ಟಿನ ಹಾಗೆ ಗುಂಯ್‌ಗುಡಲು ಶುರುಮಾಡುತ್ತದೆ. ಅದು ಜವಾರಿ. ಐವತ್ತೆಂಟರ ವಯಸ್ಸಿನಲ್ಲಿ ನಾನು ಖಡೇಬಜಾರಿಗೆ ಹೋಗಿ ಕಿವಿಯೊಳಗೆ ತುರುಕಿಕೊಳ್ಳುವ ಇಯರ್‌ಫೋನ್ ಹುಡುಕಿದ್ದು ಈ ಎರಡನೆಯ ಜವಾರಿಗಾಗಿ.

ಹುಡುಕುವ ಪ್ರಸಂಗ ಬಂದದ್ದು ಮನೆಯಲ್ಲಿ ಸಂಜೆಯ ಧಾರಾವಾಹಿಗೂ ನಾನು ಕೇಳುವ ಹಿಂದೂಸ್ತಾನಿಯ ನಿಧಾನಗತಿಯ, ಅಂದರೆ ವಿಲಂಬಿತ, ಖಯಾಲ್‌ಗೂ ಕೂಡಿಬರದ ಕಾರಣ. “ಏನ್ರೀ, ಆ ಮನಷ್ಯಾ ಅರ್ಧಾ ತಾಸಿಂದ ಒಂದ ಅಕ್ಷರ ಹಿಡಕೊಂಡ ಕುಂತಾನಲ್ರೀ, ಮುಂದ ಹೋಗ ಅನ್ರಿ ಅವಂಗ” ಎಂದು ನಮ್ಮಾಕೆ ಅಂದ ದಿನವೇ ನಿರ್ಧಾರ ಮಾಡಿದೆ.

ಅಂಗಡಿಯ ಹುಡುಗ ಒಳ್ಳೆಯವನು. “ಕಾಕಾ, ಇದನ್ನ ಹಾಕ್ಕೋರಿ. ಬೇಸ್ ಹೆಂಗೈತಿ ನೋಡ್ರಿ” ಎಂದು ತನ್ನ ಮೊಬೈಲಿನಿಂದ ಏನನ್ನೋ ಹಚ್ಚಿದ. ನನ್ನ ಬುರುಡೆಯೊಳಗೆ ಯಾರೋ ಡೊಳ್ಳು ಇಟ್ಟುಕೊಂಡು ಕೂತಂತಾಯಿತು. ನಾನು ನನ್ನ ಮೊಬೈಲು ಕೊಟ್ಟೆ. ಅದರಲ್ಲಿ ಇದ್ದದ್ದು ಒಂದು ಹಳೆಯ ಬೈಠಕ್ಕಿನ ಧ್ವನಿಮುದ್ರಣ. ಮೊದಲ ಒಂದೂವರೆ ನಿಮಿಷ ಬರೀ ತಂಬೂರಿ. ಅವನು ಕಿವಿಗೆ ಹಾಕಿಕೊಂಡ, ಕಾದ, ವೈರು ಅಲುಗಾಡಿಸಿ ನೋಡಿದ. “ಕಾಕಾ, ಬರೇ ಗುಂಯ್ ಅನ್ನಾಕತ್ತೈತಿ. ಹಾಡ ಯಾವಾಗ ಚಾಲೂ ಆಗ್ತೈತ್ರಿ?”

“ಆ ಗುಂಯ್ ಅನ್ನೂದ ನನಗ ಬೇಕಾಗಿದ್ದು ತಮ್ಮಾ” ಅಂದೆ. ಅವನು ಒಳಗಿದ್ದ ಮಾಲೀಕನತ್ತ ಒಮ್ಮೆ ನೋಡಿದ.

ಒಂದಾದ ಮೇಲೊಂದು ಆರೇಳು ಹಾಕಿ ತೆಗೆದೆ. ಬಹಳಷ್ಟರಲ್ಲಿ ಕೆಳಗಿನ ನಾದವನ್ನೂ ಮೇಲಿನ ನಾದವನ್ನೂ ಉಬ್ಬಿಸಿ ನಡುವಿನದನ್ನು ತಗ್ಗಿಸಿರುತ್ತಾರೆ. ಸಿನಿಮಾ ಹಾಡಿಗೆ ಅದು ಚೆಂದ. ಆದರೆ ಮನುಷ್ಯನ ಕಂಠ, ಹಾರ್ಮೋನಿಯಂ, ಸಾರಂಗಿ ವಾಸ ಮಾಡುವುದು ಆ ನಡುಮನೆಯಲ್ಲೇ. ಹೀಗಾಗಿ ತಬಲಾದವನು ನನ್ನ ತೊಡೆಯ ಮೇಲೆ ಕೂತು ಬಾರಿಸುತ್ತಿದ್ದ, ಗಾಯಕರು ಪಕ್ಕದ ಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಹಾಡುತ್ತಿದ್ದರು. ಒಂದು ಡಬ್ಬಿಯ ಮೇಲೆ 40,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ ಎಂದು ಬಂಗಾರದ ಅಕ್ಷರದಲ್ಲಿ ಬರೆದಿತ್ತು. ಎಳೆಯ ಕಿವಿಗೇ 20,000 ದಾಟಿದರೆ ಕೇಳುವುದಿಲ್ಲ, ನನ್ನ ವಯಸ್ಸಿಗೆ ಅದರಲ್ಲೂ ಸಾಕಷ್ಟು ಸೋರಿಹೋಗಿರುತ್ತದೆ. ಉಳಿದದ್ದನ್ನು ನಮ್ಮ ಹಿತ್ತಲಿನ ಪೇರಲ ಗಿಡಕ್ಕೆ ಬರುವ ಬಾವಲಿಗಳು ಕೇಳಿಕೊಳ್ಳಲಿ. ಇನ್ನೊಂದರೊಳಗೆ ‘ಬ್ಯಾಲೆನ್ಸ್‌ಡ್ ಆರ್ಮೇಚರ್’ ಎಂಬ ಪುಟ್ಟ ಯಂತ್ರವಿತ್ತು. ಕಿವಿ ಮಂದವಾದವರ ಸಾಧನದಲ್ಲಿ ಬಹಳ ಕಾಲದಿಂದ ಇರುವುದೂ ಇದೇ ಜಾತಿಯ ಯಂತ್ರ ಎಂದು ನನಗೆ ಗೊತ್ತಿತ್ತು. ಹೆಂಗೂ ನಾಳೆ ಬೇಕಾಗುವುದೇ, ಈಗಲೇ ರೂಢಿಯಾಗಲಿ ಅನ್ನಿಸಿದರೂ ಬೆಲೆ ಕೇಳಿ ಕೆಳಗಿಟ್ಟೆ.

ಕೊನೆಗೆ ವೈರಿನದೇ ಒಂದನ್ನು 1,400 ರೂಪಾಯಿಗೆ ತಂದೆ. ಬ್ಲೂಟೂತಿನದು ಬೇಡವೆಂದದ್ದಕ್ಕೆ ನಾದವನ್ನು ಹಿಂಡಿ ಕಳಿಸುತ್ತದೆ ಎಂಬ ದೊಡ್ಡ ಕಾರಣ ಹೇಳಿದೆ. ನಿಜವಾದ ಕಾರಣ, ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವನು ನಾನು.

ಮನೆಗೆ ಬಂದು ಹಾಕಿಕೊಂಡರೆ ಬಲಗಡೆ ತಂಬೂರಿ ತುಂಬಿಕೊಂಡು ನಿಂತಿದೆ, ಎಡಗಡೆ ಸೊಳ್ಳೆ. ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಷಡ್ಜದ ತಂತಿ ನಾಪತ್ತೆ. ಹಾರ್ಮೋನಿಯಂನ ಮೊದಲ ಕರಿ ಮನೆಯ ಶ್ರುತಿ, ಅಂದರೆ ಕಾಳಿ ಏಕ್‌ನಲ್ಲಿ ಹಾಡುವವರ ತಂಬೂರಿಯ ಖರ್ಜ ಅಂದರೆ ಸುಮಾರು 69 ಹರ್ಟ್ಸ್, ಅಂದರೆ ಅದೂ ಆ ಹುಡುಗನ ‘ಬೇಸ್’ ಸೀಮೆಯದೇ! ಅವನನ್ನು ಸುಮ್ಮನೆ ಹಗುರವಾಗಿ ನೋಡಿಬಿಟ್ಟೆನೇ ಎಂದು ಪಿಚ್ಚೆನ್ನಿಸಿತು. ವಾಪಸು ಕೊಡಲು ಡಬ್ಬಿಗೆ ತುಂಬುವಾಗ ಅದರ ತಳದಲ್ಲಿ ಇನ್ನೂ ಎರಡು ಜೋಡಿ ರಬ್ಬರ್ ಟೊಪ್ಪಿಗೆಗಳು ಸಿಕ್ಕವು: ಸಣ್ಣವು ಬಿಳಿ, ದೊಡ್ಡವು ಬೂದಿ. ಕಿವಿಯ ತೂತು ಸರಿಯಾಗಿ ಮುಚ್ಚದಿದ್ದರೆ ಮೊದಲು ಸೋರುವುದು ಕೆಳಗಿನ ನಾದ. ಎಡಕ್ಕೆ ಸಣ್ಣದು ಹಾಕಿದೆ. ಖರ್ಜ ಬಂತು, ಅದರ ಬೆನ್ನಿಗೆ ಜವಾರಿ ಬಂತು, ತಂತಿ ಮೀಟಿದ ಮೇಲೆ ಹೂವಿನ ಹಾಗೆ ತೆರೆದುಕೊಳ್ಳುವ ಆ ಗಾಂಧಾರ ಸ್ವರವೂ ಬಂತು. ಐವತ್ತೆಂಟು ವರ್ಷ ನನ್ನ ಎರಡು ಕಿವಿಗಳು ಅಳತೆಯಲ್ಲಿ ಬೇರೆಬೇರೆ ಎಂದು ನನಗೇ ತಿಳಿದಿರಲಿಲ್ಲ. ಚಪ್ಪಲಿ ಅಂಗಡಿಯವನಾದರೂ ಎರಡೂ ಕಾಲಿಗೆ ಹಾಕಿ ನೋಡ್ರಿ ಅನ್ನುತ್ತಾನೆ. “ಒಂದ ಕರೀದು, ಒಂದ ಬಿಳೀದು. ಎಲ್ಲಾರೂ ನೋಡಿ ನಗತಾರ” ಎಂದಳು ನಮ್ಮಾಕೆ.

ಇದರ ಉಪದ್ರವಗಳೂ ಇವೆ. ಕಿವಿ ಮುಚ್ಚಿಕೊಂಡು ನಡೆದರೆ ನನ್ನದೇ ಹೆಜ್ಜೆ ಧಪ್ ಧಪ್ ಎಂದು ತಲೆಯೊಳಗೆ ಕೇಳಿ, ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗೆ ಹದಿಮೂರನೆಯದು ಸೇರುತ್ತದೆ. ಚೂಡಾ ತಿಂದರಂತೂ ಮುಗಿಯಿತು. ವೈರು ಅಂಗಿಗೆ ಉಜ್ಜಿದರೆ ಕರಕರ. ಹೀಗಾಗಿ ಸುಮ್ಮನೆ ಕೂತಲ್ಲಿ ಮಾತ್ರ ಕೇಳುತ್ತೇನೆ, ಅಂದರೆ ಬಸ್ಸಿನಲ್ಲಿ.

ಮೊನ್ನೆ ಸುಳೇಭಾವಿ ಮೇಲೆ ಹೋಗುವ ಬಸ್ಸಿನಲ್ಲಿ ಬೇಕಂತಲೇ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ಹಚ್ಚಿದೆ. 1924ರಲ್ಲಿ ಅವರು ಹುಟ್ಟಿದ್ದು ಆ ಊರಲ್ಲೇ. ಮುಂದೆ ಕ್ಷಯ ಹಿಡಿದು ಒಂದು ಪುಪ್ಪುಸ ಕೈಕೊಟ್ಟು, ದೂರದ ದೇವಾಸಿನಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದು, ಎದ್ದು ಮತ್ತೆ ಹಾಡಿದವರು. ಚಿಕ್ಕ ಚಿಕ್ಕ ತುಣುಕಾಗಿ ಸ್ವರ ಎಸೆಯುವ ಅವರ ಹಾಡಿಕೆಯನ್ನು ಅಪ್ಪನ ರೇಡಿಯೊದಲ್ಲಿ ಗರಗರ ಸದ್ದಿನ ನಡುವೆ ಎಷ್ಟೋ ಸಲ ಕೇಳಿದ್ದೆ. ಈಗ ಎರಡು ತುಣುಕಿನ ನಡುವೆ ಅವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಗಕ್ಕನೆ, ಗುಟುಕು ನೀರು ಕುಡಿದ ಹಾಗೆ. “ವಾಹ್!” ಅಂದುಬಿಟ್ಟೆ. ಕಿವಿ ಮುಚ್ಚಿದವನ ‘ವಾಹ್’ ಎಷ್ಟು ಜೋರಿರುತ್ತದೆಂದು ಕಂಡಕ್ಟರ್ ತಿರುಗಿದ ಮೇಲೆ ಗೊತ್ತಾಯಿತು.

ಎಡಕ್ಕೆ ಕೂತಿದ್ದ ರುಮಾಲಿನ ಅಜ್ಜ, “ಏನ್ ಕೇಳಾಕತ್ತೀರಿ ಸರ, ನಮಗೂ ಒಂದೀಟು ಕೇಳಸ್ರಲಾ” ಅಂದರು. ಎಡದ ಬಿಳಿಯದನ್ನು ಕೊಟ್ಟೆ. ಧೋತರದ ಚುಂಗಿನಿಂದ ಒರೆಸಿ ಬೆರಳಿನಿಂದ ಒಳಗೆ ಒತ್ತಿಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, “ತಂಬೂರಿ ಚಲೋ ಹಚ್ಚ್ಯಾರ ನೋಡ್ರಿ. ನಮ್ಮ ಭಜನಿ ಮ್ಯಾಳದಾಗ ಹಿಂಗ ಹಚ್ಚಾವರs ಇಲ್ಲ ಈಗ” ಅಂದರು. ನನಗೆ ಅವರನ್ನು ಆ ಅಂಗಡಿಗೆ ಕರೆದೊಯ್ಯಬೇಕೆನ್ನಿಸಿತು.

ಸುಳೇಭಾವಿ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಕಂಡಕ್ಟರ್ ಒದರಿದ ಮೇಲೆ ಅಜ್ಜ ಗಡಬಡಿಸಿ ಎದ್ದರು. ವೈರು ಬಿಗಿದು ನನ್ನ ಮೊಬೈಲು ಅವರ ಹಿಂದೆಯೇ ಹೊರಟಿತು. ನಾನು ಹಿಡಿದೆಳೆದೆ, ಪಟ್ಟನೆ ಕಳಚಿ ಬಂತು. ಬಸ್ಸು ಹೊರಟ ಮೇಲೆ ಕಿವಿಗೆ ಹಾಕಿಕೊಂಡರೆ ಎಡಗಡೆ ಮತ್ತೆ ಸೊಳ್ಳೆ. ತೆಗೆದು ನೋಡಿದೆ: ಬರೀ ಕೊಳವೆ, ಬಿಳಿ ಟೊಪ್ಪಿಗೆಯಿಲ್ಲ. ಕಿಟಕಿಯಿಂದ ಹಿಂದಿರುಗಿ ನೋಡಿದರೆ ಅಜ್ಜ ಸ್ಟಾಪಿನಲ್ಲಿ ನಿಂತು, ರುಮಾಲು ಒಂದು ಪಕ್ಕಕ್ಕೆ ವಾಲಿಸಿ, ಕಿರುಬೆರಳಿನಿಂದ ಕಿವಿ ಕೆದಕುತ್ತಿದ್ದರು.