ಲುಮೆನ್ ಎಷ್ಟಾದರೂ ಇರಲಿ, ಉಂಗುರ ಹೇಗೆ ತಿರುಗುತ್ತೆ ಹೇಳಿ

ಚಿಕ್ಕ ಟಾರ್ಚ್‌ಗಳ ಹುಚ್ಚು ಹತ್ತಿದವರ ಮುಂದೆ ಜೆಟ್‌ಬೀಮ್ ಆರ್‌ಆರ್‌ಟಿ-01 ಅಥವಾ ಸನ್‌ವೇಮ್ಯಾನ್ ವಿ11ಆರ್ ಹೆಸರು ತೆಗೆದರೆ ಆಯ್ತು, ಆ ದಿನ ಬೇರೆ ಕೆಲಸ ನಡೆಯುವುದಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮುಷ್ಟಿಯಲ್ಲಿ ಹಿಡಿಸುವ ಟಾರ್ಚ್, ತಲೆಯ ಹತ್ತಿರ ಒಂದು ಉಂಗುರ. ಹಳೇ ರೇಡಿಯೋದ ವಾಲ್ಯೂಮ್ ಹಾಗೆ ತಿರುಗಿಸಿದಷ್ಟು ಬೆಳಕು ಏರುತ್ತದೆ, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತದೆ. ಉಂಗುರದೊಳಗೆ ಪುಟ್ಟ ಆಯಸ್ಕಾಂತ ಇರುತ್ತದೆ. ಅದು ಎಲ್ಲಿದೆ ಅಂತ ಒಳಗಿನ ಸೆನ್ಸರ್ ಲೋಹದ ಗೋಡೆಯ ಆಚೆಯಿಂದಲೇ ಗುರುತಿಸುತ್ತದೆ. ತೂತು ಕೊರೆಯುವ ಮಾತೇ ಇಲ್ಲ, ಹಾಗಾಗಿ ಆ ದಾರಿಯಲ್ಲಿ ನೀರು ನುಗ್ಗುವ ಭಯವೂ ಇಲ್ಲ.

2019ರಲ್ಲಿ ಆರ್‌ಆರ್‌ಟಿ-01 ಹೊಸ ರೂಪದಲ್ಲಿ ಬಂತು. ಎಕ್ಸ್‌ಪಿ-ಎಲ್ ಹೈ ಎಲ್‌ಇಡಿ, ರೀಚಾರ್ಜ್ ಮಾಡುವ 18350 ಸೆಲ್, ಕಂಪನಿಯ ಲೆಕ್ಕದಲ್ಲಿ 950 ಲುಮೆನ್ (ಟಾರ್ಚ್ ಕೊಡುವ ಒಟ್ಟು ಬೆಳಕಿನ ಅಳತೆ). ಹಳೆಯದನ್ನು ಮಾರಿ ಹೊಸದು ತಗೊಳ್ಳಲಾ ಅಂತ ಕೇಳುವವರು ಈಗಲೂ ಸಿಗುತ್ತಾರೆ. ನನ್ನ ಉತ್ತರ ಒಂದೇ. ಸೆಲ್ಲಿನ ಸಲುವಾಗಿ ತಗೊಳ್ಳಿ, ಲುಮೆನ್ ಸಲುವಾಗಿ ಬೇಡ.

ಲುಮೆನ್ ದುಪ್ಪಟ್ಟಾದರೆ ನಮ್ಮ ಕಣ್ಣಿಗೆ ಬೆಳಕು ದುಪ್ಪಟ್ಟಾಗಿ ಕಾಣುವುದಿಲ್ಲ. ಸ್ವಲ್ಪ ಜಾಸ್ತಿ ಆಯ್ತು ಅನ್ನಿಸುತ್ತದೆ, ಅಷ್ಟೇ. ಮೇಲಾಗಿ ಇಷ್ಟು ಪುಟ್ಟ ಅಲ್ಯೂಮಿನಿಯಂ ಮೈ ಅಷ್ಟು ಬಿಸಿಯನ್ನು ಎಷ್ಟು ಹೊತ್ತು ತಡೆದೀತು? ಕೆಲವೇ ನಿಮಿಷದಲ್ಲಿ ಬೆಳಕನ್ನು ಇಳಿಸಲೇಬೇಕು, ಇಲ್ಲವಾದರೆ ಕೈ ಸುಡುತ್ತದೆ. ಯಾವ ಕಂಪನಿ ಮಾಡಿದರೂ ಇದು ತಪ್ಪಿದ್ದಲ್ಲ.

ಎಲ್‌ಇಡಿ ವಿಷಯದಲ್ಲಿ ಒಂದು ತಮಾಷೆ ಇದೆ. ವಿ11ಆರ್ ಕಾಲದ ಎಕ್ಸ್‌ಎಂ-ಎಲ್‌ಗೂ ಎಕ್ಸ್‌ಪಿ-ಎಲ್‌ಗೂ ಒಳಗಿನ ಚಿಪ್ ಹೆಚ್ಚುಕಡಿಮೆ ಒಂದೇ ಅಳತೆಯದು. 'ಹೈ'ನಲ್ಲಿ ಚಿಪ್ ಮೇಲಿನ ಗುಮ್ಮಟದಂಥ ಲೆನ್ಸ್ ತೆಗೆದಿದ್ದಾರೆ, ಅದಕ್ಕೇ ಬೆಳಕು ಒಟ್ಟುಗೂಡಿ ದೂರ ಹೋಗುತ್ತದೆ. ತೋಟದ ಆಚೆ ಬದಿ ನೋಡಲು ಅದು ಚೆನ್ನ. ಕಾಲಬುಡ ನೋಡಲು ಹಳೆಯದರ ಅಗಲ ಬೆಳಕೇ ನನಗಿಷ್ಟ.

ಇನ್ನು ಉಂಗುರ. ನಮ್ಮೂರಲ್ಲಿ ತ್ರೀ ಫೇಸ್ ಕರೆಂಟ್ ಬರುವುದು ಹೆಚ್ಚಾಗಿ ರಾತ್ರಿಯೇ. ಪಂಪ್ ಹಾಕಲು ಅಪ್ಪನೋ ನಾನೋ ಎದ್ದು ಹೋಗಬೇಕು. ಅಂಗಳ ಇಳಿಯುವಾಗ ಕಂಡೂ ಕಾಣದಷ್ಟು ಬೆಳಕು ಸಾಕು. ತೋಟದ ದಾರಿಯಲ್ಲಿ ಹಾವು ಗೀವು ಇರಬಹುದು, ಹೆಬ್ಬೆರಳಿನಿಂದ ಉಂಗುರವನ್ನು ಒಂಚೂರು ತಳ್ಳಿದರೆ ಅಡಿಕೆ ಹಾಳೆಯ ಕೆಳಗಿನ ನೆರಳೂ ಬಿಡಿಸಿ ಕಾಣುತ್ತದೆ. ಸ್ಟಾರ್ಟರ್ ಬಾಕ್ಸ್ ತೆರೆದ ಮೇಲೆ ಮತ್ತೆ ಇಳಿಸಬೇಕು, ಇಲ್ಲವಾದರೆ ತಗಡು ಹೊಳೆದು ಕಣ್ಣು ಕತ್ತಲೆ ಬರುತ್ತದೆ. "ಬ್ಯಾಟ್ರಿ ಮುಖಕ್ಕೆ ಬಿಡಬೇಡ ಮಾರಾಯ" ಅಂತ ಅಪ್ಪ ಬೈಯುವುದು ಅಲ್ಲೇ. ಬಟನ್ ಟಾರ್ಚ್ ಆದರೆ ಲೋ, ಮೀಡಿಯಂ, ಹೈ ಅಂತ ಸುತ್ತು ಹಾಕಿ ಬರಬೇಕು, ನಡುವೆ ಕಣ್ಣಿಗೆ ಒಂದು ಹೊಡೆತ ಗ್ಯಾರಂಟಿ.

ಹೀಗಾಗಿ ನಾನು ಉಂಗುರದ ಟಾರ್ಚನ್ನು ಅಳೆಯುವುದು ಅದರ ಕೆಳಗಿನ ತುದಿಯಿಂದ. ತೀರಾ ಮಂದ ಬೆಳಕು ಎಷ್ಟು ಮಂದ? ಅಲ್ಲಿಂದ ಮೇಲೆ ಹೇಗೆ ಏರುತ್ತದೆ? ಕರೆಂಟನ್ನು ಉಂಗುರದ ತಿರುವಿಗೆ ಸರಿಸಮನಾಗಿ ಏರಿಸಿದರೆ ಕಾಲುಭಾಗ ತಿರುಗಿಸುವಷ್ಟರಲ್ಲೇ ಕಣ್ಣಿಗೆ ಬಹುಪಾಲು ಬೆಳಕು ಬಂದುಬಿಟ್ಟಿರುತ್ತದೆ. ಉಳಿದ ತಿರುವೆಲ್ಲ ಸುಮ್ನೆ ದಂಡ. ಶುರುವಿನಲ್ಲಿ ನಿಧಾನ, ಆಮೇಲೆ ಜೋರಾಗಿ ಏರಿಸಿದವರಿಗೇ ಈ ಕೆಲಸ ಗೊತ್ತು ಅಂತ ಲೆಕ್ಕ. ಗರಿಷ್ಠ ಬೆಳಕು ಜಾಸ್ತಿಯಾದಷ್ಟೂ ಇದು ಕಷ್ಟವಾಗುತ್ತದೆ, ಯಾಕೆಂದರೆ ಗೇಣುದ್ದವೂ ಇಲ್ಲದ ಅದೇ ತಿರುವಿನಲ್ಲಿ ಹೆಚ್ಚು ಬೆಳಕನ್ನು ತುರುಕಬೇಕು. 950 ನೋಡಿ ನಾನು ಹಿಗ್ಗದಿರುವುದಕ್ಕೆ ಇದೂ ಒಂದು ಕಾರಣ.

ಸೆಲ್ಲಿಗಾಗಿ ಮಾತ್ರ ಹೊಸದಕ್ಕೆ ನನ್ನ ಪೂರ್ತಿ ಓಟು. ಹಳೆಯವು ಸಿಆರ್123ಎ ಸೆಲ್ಲಿನವು, ಒಮ್ಮೆ ಮುಗಿದರೆ ಎಸೆಯಬೇಕು. ಹಿಂದೆ ರೀಲ್ ಕ್ಯಾಮೆರಾಗೆ ಹಾಕುತ್ತಿದ್ದ ಆ ಸೆಲ್ ಈಗ ನಮ್ಮ ಪೇಟೆಯ ಯಾವ ಅಂಗಡಿಯಲ್ಲೂ ಇಲ್ಲ. ಅದೇ ಅಳತೆಯ ರೀಚಾರ್ಜ್ ಸೆಲ್ 16340. ಆನ್‌ಲೈನ್‌ನಲ್ಲಿ ಅದರ ಮೇಲೆ 2000 ಎಂಎಎಚ್ (ಸೆಲ್ಲಿನಲ್ಲಿ ಹಿಡಿಸುವ ಚಾರ್ಜಿನ ಅಳತೆ) ಅಂತೆಲ್ಲ ಅಚ್ಚು ಹಾಕಿ ಮಾರುತ್ತಾರೆ, ನಂಬಬೇಡಿ. ಒಳ್ಳೆಯದು ಸಿಕ್ಕರೆ 700 ಆಸುಪಾಸು. 18350 ಅದಕ್ಕಿಂತ ಬರೀ 2 ಮಿಲಿಮೀಟರ್ ಹೆಚ್ಚು ದಪ್ಪ, ಆದರೆ 1100ರ ಹತ್ತಿರ ಕೊಡುತ್ತದೆ. ಇನ್ನೊಂದು ಎಚ್ಚರ: ಸಿಆರ್123ಎ 3 ವೋಲ್ಟ್, 16340 ಪೂರ್ತಿ ಚಾರ್ಜ್ ಆದಾಗ 4.2. ಹಳೇ ಟಾರ್ಚಿಗೆ ಹಾಕುವ ಮೊದಲು ಅದಕ್ಕೆ ಅಷ್ಟು ತಡೆಯುತ್ತದೆಯೇ ನೋಡಿಕೊಳ್ಳಿ.

ಸ್ವಿಚ್ಚಿನ ವಿಷಯದಲ್ಲಿ ನಾನು ಮತ್ತೆ ವಿ11ಆರ್ ಪಾರ್ಟಿ. ಅದಕ್ಕೆ ಹಿಂದೆ ಬೇರೆಯೇ ಸ್ವಿಚ್ ಇದೆ, ಒತ್ತಿದರೆ ಕರೆಂಟ್ ಪೂರ್ತಿ ಕಟ್. ಉಂಗುರವನ್ನು ಬೇಕಾದ ಬೆಳಕಿಗೆ ಇಟ್ಟು ಮರೆತುಬಿಡಬಹುದು. ಆರ್‌ಆರ್‌ಟಿ-01ನಲ್ಲಿ ಆಫ್ ಮಾಡುವುದೂ ಉಂಗುರವೇ. ಸೆನ್ಸರ್ ಎಚ್ಚರವಾಗಿಯೇ ಇರಬೇಕು, ಹಾಗಾಗಿ ಸೆಲ್ಲಿನ ಚಾರ್ಜ್ ಒಂಚೂರು ಸೋರುತ್ತಿರುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಇಡುವುದಾದರೆ ಹಿಂದಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ, ಬ್ಯಾಗಿನಲ್ಲಿ ತಾನೇ ಹೊತ್ತಿಕೊಳ್ಳುವುದೂ ತಪ್ಪುತ್ತದೆ.

ಅಂದ ಹಾಗೆ, ಯಾರ ಹತ್ತಿರವಾದರೂ ವಿ11ಆರ್ ಸುಮ್ನೆ ಬಿದ್ದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಮೈಮೇಲೆ ಗೀರು ಇದ್ದರೆ ಚಿಂತೆ ಇಲ್ಲ. ಫೋಟೋ ಬೇಡ, ಕತ್ತಲೆ ಕೋಣೆಯಲ್ಲಿ ಉಂಗುರವನ್ನು ನಿಧಾನಕ್ಕೆ ತಿರುಗಿಸಿ ವಿಡಿಯೋ ಮಾಡಿ ಕಳಿಸಿ. ರೇಟು ಆಮೇಲೆ ಮಾತಾಡೋಣ.